ನೀಲವ್ವ ಖಾಲಿ ಬಿಡಿಸಿದ ಜಾಗ

ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ ನೀಲವ್ವ ಸಾಮಾನು ನೋಡುವ ಮೊದಲು ಅಂಗಡಿಯವನ ಮುಖ ನೋಡುತ್ತಿದ್ದಳು. ಆಮೇಲೆ ಅದೇ ಪ್ರಶ್ನೆ: “ನಿಮ್ಮ ಮನ್ಯಾಗ ಯಾವುದ ಇಟ್ಟೀರಿ?” ಸೀರೆಯಂಗಡಿಯಲ್ಲಿ ಅವನ ಹೆಂಡತಿ ಏನು ಉಡುತ್ತಾಳೆಂದು ಕೇಳುವಳು, ಬೀಜದಂಗಡಿಯಲ್ಲಿ ಅವನ ಹೊಲದಲ್ಲಿ ಏನು ಬಿತ್ತಿದೆ ಎಂದು ಕೇಳುವಳು. ಒಮ್ಮೆ ಬೈಲಹೊಂಗಲದಲ್ಲಿ ಮಿಕ್ಸರ್ ಕೊಳ್ಳಲು ಹೋದಾಗ ಅಂಗಡಿಯವನ ಬಾಯಿಮಾತು ನಂಬದೆ, ಹಿಂದಿನ ಓಣಿಯಲ್ಲಿದ್ದ ಅವನ ಮನೆಗೇ ನಡೆದುಬಿಟ್ಟಳು. ನಾನು ಹೊರಗೆ ಕಟ್ಟೆಯ ಮೇಲೆ ಸೆರಗು ಎಳೆದುಕೊಂಡು ಕುಳಿತೆ. ಅವಳು ಒಳಗೆ ಆ ಮನೆಯಾಕೆಯ ಮಿಕ್ಸರ್‌ನಲ್ಲಿ ಶೇಂಗಾ ಚಟ್ನಿ ಮಾಡಿಸಿ, ಚಹಾ ಕುಡಿದು, ಚಟ್ನಿ ಕಟ್ಟಿಸಿಕೊಂಡೇ ಹೊರಗೆ ಬಂದಳು.

“ಛಲೋ ಮಂದಿ ಯಕ್ಕಾ. ನೀ ಯಾಕ ಒಳಗ ಬರಲಿಲ್ಲ?”

ನೀವು ಮೊಮ್ಮಕ್ಕಳು ಸಣ್ಣಾಯಿ ಎಂದು ಕರೆಯುತ್ತಿದ್ದ ನೀಲವ್ವ ನಿಮ್ಮ ಅಜ್ಜನ ತಮ್ಮನ ಹೆಂಡತಿ, ನನ್ನ ನೆಗೆಣ್ಣಿ. ಚಚಡಿಯಿಂದ ನೇಸರಗಿಯ ಈ ಮನೆಗೆ ನನ್ನ ನಂತರ ಬಂದವಳು. ಇಬ್ಬರೂ ನಮ್ಮ ನಮ್ಮ ತವರೂರ ಶಾಲೆಯಲ್ಲಿ ಕಲಿತದ್ದು ಸರಿಸಮ. ಅಕ್ಷರ ನನ್ನದೇ ಚೆಂದ. ರೊಟ್ಟಿ ಬಡಿಯುವುದರಲ್ಲಂತೂ ಅವಳು ನನ್ನ ಹತ್ತಿರ ಬರುತ್ತಿರಲಿಲ್ಲ. ಆದರೂ ಮಂದಿ ಕೂಡುತ್ತಿದ್ದುದು ಅವಳ ಸುತ್ತ. ತಿಳಿಯದ್ದನ್ನು ತಿಳಿಯಲಿಲ್ಲ ಎನ್ನಲು ಅವಳಿಗೆ ನಾಚಿಕೆಯಿರಲಿಲ್ಲ. ನನಗೆ ತಿಳಿದದ್ದನ್ನು ಹೇಳಲೂ ನಾಚಿಕೆ. ನಿಮ್ಮ ಅಜ್ಜ ಹೋದ ಮೇಲೆ ನಾನು ಇನ್ನಷ್ಟು ಮೂಕಳಾದೆ. ನೀವು ಕಥೆಗೂ ಹಾಡಿಗೂ ಅವಳ ಬಳಿಗೇ ಓಡಿದಿರಿ. ನನ್ನ ಹೊಟ್ಟೆಯ ಉರಿ ಅದೇ ಆಗಿತ್ತು. ಮುಂದೆ ನಿಮ್ಮ ನೆನಪಿನಲ್ಲಿ ಅವಳೊಬ್ಬಳೇ ಆಯಿಯಾಗಿ ಉಳಿಯುತ್ತಾಳೆ, ನಾನು ರೊಟ್ಟಿ ಬಡಿಯುವ ಸಪ್ಪಳವಾಗಿ ಉಳಿಯುತ್ತೇನೆ ಎಂಬ ಉರಿ.

ಶ್ರುತಿ, ನಿನ್ನ ಹಳೆಯ ಲ್ಯಾಪ್‌ಟಾಪ್ ನೆನಪಿದೆಯಲ್ಲ? ಗುಂಡಿ ಒತ್ತಿ ಚಹಾಕ್ಕಿಟ್ಟರೆ, ಚಹಾ ಕುಡಿದು ಬಟ್ಟಲು ತೊಳೆದಿಟ್ಟರೂ ಅದು ತೆರೆಯುತ್ತಿರಲಿಲ್ಲ. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಹೊಸದರಂತೆ ಓಡುತ್ತದೆ ಎಂದು ನೀನು ತಮ್ಮ ಬಸೂನಿಗೆ ಹೇಳುವುದನ್ನು ನಾನು ಒಲೆಯ ಮುಂದೆ ಕುಳಿತು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದೆ. ನಾನೇ ಕೊಡಿಸುತ್ತೇನೆ ಎಂದು ಧೈರ್ಯ ಮಾಡಿ ಹೇಳಿದೆ. ನೀನು ನನ್ನ ಕುತ್ತಿಗೆಗೆ ಜೋತುಬಿದ್ದೆ. ಆ ಸುಖ ಒಂದು ಗಳಿಗೆಯದು.

“ಹಂಗಾರ ಸಣ್ಣಾಯಿನೂ ಬರ್ಲಿ, ಆಯಿ. ಅಂಗಡಿಯಾಂವನ ಕೂಡ ಮಾತಾಡಾಕ ಯಾರರ ಬೇಕಲಾ.”

ಬೈಲಹೊಂಗಲದ ಬಸ್ಸಿನಲ್ಲಿ ನಿಮ್ಮಿಬ್ಬರ ಪಕ್ಕ ಕುಳಿತು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಎಸ್‌ಎಸ್‌ಡಿ, ಎಸ್‌ಎಸ್‌ಡಿ ಎನ್ನುತ್ತ ಹೋದೆ. ಕಂಪ್ಯೂಟರ್ ಅಂಗಡಿಯ ಇರ್ಫಾನ್ ನನ್ನನ್ನೇ ನೋಡಿ, “ಏನ ಬೇಕಿತ್ರಿ, ಆಯಿ?” ಎಂದ. ನಾನು ಬಾಯಿ ತೆರೆದೆ.

“ಇದು ಗಬ್ಬದ ಎಮ್ಮಿ ಆಗೇತಿ ತಮ್ಮಾ, ಎಬ್ಬಿಸಿದ್ರ ಏಳವಲ್ದು,” ಎಂದು ನೀಲವ್ವ ಲ್ಯಾಪ್‌ಟಾಪನ್ನು ಅವನ ಮುಂದೆ ಇಟ್ಟಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನ್ನ ಎಸ್‌ಎಸ್‌ಡಿ ನಾಲಗೆಯ ಮೇಲೇ ಉಳಿಯಿತು.

ಅವನು ಗಾಜಿನ ಮೇಲೆ ಬಾಚಣಿಕೆಯ ತುಂಡಿನಂಥ ತೆಳು ಪಟ್ಟಿಯೊಂದನ್ನೂ, ವಿಭೂತಿ ಗಟ್ಟಿಯಂಥ ಕೆಲವು ಚಪ್ಪಟೆ ಡಬ್ಬಿಗಳನ್ನೂ ಇಟ್ಟ. “ಈ ಪಟ್ಟಿ ಭಾಳ ಜೋರ ಓಡತೈತ್ರಿ. ಆದರ ನಿಮ್ಮ ಹಳೇ ಮಷೀನಿನ್ಯಾಗ ಇದಕ್ಕ ಜಾಗಾ ಇಲ್ಲ. ಈ ಚಪ್ಪಟಿದ್ರಾಗ ಒಂದ ತಗೋರಿ.”

ನೀಲವ್ವ ಒಂದನ್ನು ಅಂಗೈಯಲ್ಲಿ ತೂಗಿದಳು. “ಏನೂ ವಜ್ಜಾನ ಇಲ್ಲಲೋ. ಇದರಾಗ ಏನ ತುಂಬತಾರ?”

“ಎಷ್ಟ ತುಂಬಿದ್ರೂ ವಜ್ಜಾ ಆಗೂದಿಲ್ರಿ.”

“ನಮ್ಮ ಯಕ್ಕನಂಗ ಐತಿ ನೋಡು. ಒಳಗ ಎಷ್ಟ ತುಂಬಿಕೊಂಡಾಳೋ, ಹೊರಗ ಗೊತ್ತ ಆಗೂದಿಲ್ಲ.”

ಮತ್ತೆ ನಗು. ನನ್ನ ಕಿವಿ ಕಾದವು. ಅಷ್ಟರಲ್ಲಿ ಅವಳ ಪ್ರಶ್ನೆ ಬಂತು: “ನಿನ್ನ ಮನ್ಯಾಗ ಯಾವುದ ಹಾಕೀದಿ?”

ಇರ್ಫಾನ್ ತಾನು ಮುಂದಿಟ್ಟಿದ್ದ, ಹೆಸರು ಕೇಳರಿಯದ ಅಗ್ಗದ ಡಬ್ಬಿಯನ್ನು ಬದಿಗೆ ಸರಿಸಿ ಇನ್ನೊಂದನ್ನು ಮುಂದೆ ತಂದ. “ನನ್ನ ಹೆಂಡತಿ ಲ್ಯಾಪ್‌ಟಾಪಿಗಿ ಇದನ್ನ ಹಾಕೇನ್ರಿ.”

“ಅದನ್ನ ಕೊಡು. ಹೆಂಡತಿಗಿ ಖೊಟ್ಟಿ ಮಾಲು ಹಾಕಿದಾಂವ ಮನ್ಯಾಗ ಹೆಂಗ ಉಣ್ತಾನ?”

ಅದರಲ್ಲೂ ಸಣ್ಣದು, ದೊಡ್ಡದು ಇದ್ದವು. ದೊಡ್ಡದರಲ್ಲಿ ಎರಡು ಪಟ್ಟು ಹಾಡು, ವಿಡಿಯೋ ಹಿಡಿಯುತ್ತದಂತೆ. ಕೆಲವು ವಿಡಿಯೋ ಅಳಿಸಿದರೆ ಸಣ್ಣದೇ ಸಾಕು ಎಂದೆ ನೀನು. ಆ ವಿಡಿಯೋಗಳಲ್ಲಿ ಇದ್ದದ್ದು ಯಾರೆಂದು ನನಗೆ ಗೊತ್ತಿತ್ತು. ನೀಲವ್ವನ ಸೋಬಾನ ಹಾಡು, ನೀಲವ್ವನ ಬೈಗುಳ, ಬಸೂನ ಕೈ ಹಿಡಿದು ನೀಲವ್ವ ಕುಣಿದದ್ದು. ಹುಡುಕಿದರೆ ನಾನು ಬಾಗಿಲ ಸಂದಿಯಲ್ಲಿ ಸೀರೆಯ ಅಂಚಾಗಿ ಕಾಣಬಹುದು. ಅಳಿಸಲಿ ಎಂದು ಮನಸ್ಸು ಒಳಗೊಳಗೇ ಹಿಗ್ಗಿತು.

“ಒಂದೂ ಅಳಸಬ್ಯಾಡ,” ಎಂದಳು ನೀಲವ್ವ. “ದೊಡ್ಡದ ಕೊಡು ತಮ್ಮಾ. ಎಲ್ಲಾ ಹಾಕಿದ ಮ್ಯಾಲೂ ಅರ್ಧಾ ಖಾಲಿ ಉಳೀಬೇಕು.”

ಇನ್ನೂ ಎಷ್ಟು ಹಾಡಬೇಕೆಂದಿದ್ದಾಳೆ ಇವಳು ಎಂದುಕೊಂಡೆ. ಕೊಡಿಸಿದವಳು ನಾನು, ಅದರೊಳಗೆ ಮನೆ ಕಟ್ಟಿಸಿಕೊಂಡವಳು ಅವಳು. ಊರಿಗೆ ಬಂದು ನೀನು ಗುಂಡಿ ಒತ್ತಿದೆ. ನಾನು ಒಲೆ ಹೊತ್ತಿಸುವುದರೊಳಗೆ ಅದು ತೆರೆದುಕೊಂಡಿತ್ತು. ನೀನೂ ಬಸೂನೂ ಕೂಗಿಕೊಂಡು ಓಡಿಹೋಗಿ ತಬ್ಬಿಕೊಂಡದ್ದು ಸಣ್ಣಾಯಿಯನ್ನು. ಅಂದು ನನ್ನ ರೊಟ್ಟಿ ಸೀದವು.

ಆಮೇಲೆ ಅವಳಿಗೆ ಜಡ್ಡಾಯಿತು. ಅವಳ ಮಗಳು ರಾಮದುರ್ಗದ ತನ್ನ ಮನೆಗೆ ಕರೆದುಕೊಂಡು ಹೋದಳು. ಕಡೆಯ ಸಲ ನೋಡಲು ಹೋದಾಗ ಅವಳಿಗೆ ಇಷ್ಟವೆಂದು ಕಟಕಟಿ ರೊಟ್ಟಿ ಒಯ್ದಿದ್ದೆ. ಅವಳಿಗೆ ಅಗಿಯುವ ಶಕ್ತಿ ಇರಲಿಲ್ಲ. ಒಂದು ಚೂರನ್ನು ಬೆರಳಲ್ಲಿ ಮುರಿದು, ಆ ಸಪ್ಪಳ ಕೇಳಿ ನಕ್ಕಳು. ಮೈ ಕರಗಿದ್ದರೂ ಸುತ್ತ ಕುಳಿತವರು ಕಡಿಮೆಯಾಗಿರಲಿಲ್ಲ. ಅದನ್ನೂ ನಾನು ಕಂಡೆ.

“ಯಕ್ಕಾ, ಶ್ರುತಿ ಡಬ್ಬಿ ತುಂಬಿತೇನ?” ಎಂದಳು.

“ನಿನ್ನ ಹಾಡ ಎಲ್ಲಾ ಅದರಾಗ ಅದಾವ, ತಗೋ,” ಎಂದೆ. ಮಾತು ಚೂಪಾಗಿಯೇ ಬಂತು.

“ನನ್ನ ಸುದ್ದಿ ಯಾರ ಕೇಳಿದ್ರು? ಖಾಲಿ ಬಿಡಿಸಿದ್ದು ನಿನಗಂತ. ಈಕಿ ಎಂದಾರ ಒಂದ ದಿನ ಬಾಯಿ ತಗದಾಳು, ಆವಾಗ ಜಾಗಾ ಬೇಕಾಗತೈತಿ ಅಂತ ಬಿಡಿಸೇನಿ.” ಉಸಿರು ಸಾಲದೆ ದಿಂಬಿಗೆ ಒರಗಿದಳು. “ಈಗರ ಮಾತಾಡ ಮಾರಾಯ್ತಿ. ನಡುವ ಬಾಯಿ ಹಾಕಾಕ ನಾ ಇರೂದಿಲ್ಲ.”

ನಾನು ಅವಳ ಕಾಲ ಮೇಲಿನ ಕೌದಿಯನ್ನು ಸರಿಮಾಡಿ ಎದ್ದು ಬಂದೆ.

ಅವಳು ಹೋದ ಮೇಲೂ ಬಾಯಿ ತೆರೆಯುವುದು ನನ್ನಿಂದಾಗಲಿಲ್ಲ. ಅದಕ್ಕೇ ಕಾಗದದ ಮೇಲೆ ಬರೆಯುತ್ತಿದ್ದೇನೆ. ಟೈಪ್ ಮಾಡಿ ಆ ಖಾಲಿ ಜಾಗದಲ್ಲಿ ಹಾಕುತ್ತೇನೆ ಎಂದಿದ್ದೀಯ. ಮೊನ್ನೆ ನಾನು ಕೇಳಿದೆ, ಇಷ್ಟು ಬರೆದರೆ ಎಷ್ಟು ಜಾಗ ಹಿಡಿಯುತ್ತದೆ ಎಂದು. ನೀನು ನಕ್ಕುಬಿಟ್ಟೆ. “ವಿಡಿಯೋದಾಗ ಹಾಡೂಕಿಂತ ಮೊದಲ ಸಣ್ಣಾಯಿ ಒಂದ ಸಲ ಕೆಮ್ಮತಿದ್ಲಲಾ, ಅಷ್ಟ ಜಾಗಾನೂ ಹಿಡಿಯೂದಿಲ್ಲ, ಆಯಿ.”

ಈಗ ಬರೆದದ್ದನ್ನು ಓದಿ ನೋಡಿದೆ. ನನ್ನ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕುಳಿತವಳು ನಾನು. ನಡುವೆ ಬಾಯಿ ಹಾಕಲು ಇರುವುದಿಲ್ಲ ಎಂದವಳು ಮೊದಲ ಸಾಲಿಗೇ ಬಂದು ಕುಳಿತಿದ್ದಾಳೆ.