ಅವತ್ತು ಹಂಪ್ ಬರಲಿಲ್ಲ

ನಮ್ಮ ಶ್ರಾವಣಿ ಇವತ್ತು ಮುಂಜಾನೆ ರೊಟ್ಟಿ ತಿಂದಳು!

ಹಾಲಿನಾಗ ನೆನೆಸಿದ ರೊಟ್ಟಿ, ಉಗುರಿನಷ್ಟು. ಗಂಟಲು ಆಡಿತು. ಕೆಳಗಿಳಿಯಿತು. ನಾನು ಅಂಗಳಕ್ಕೆ ಓಡಿ ಕಂಡಕಂಡವರಿಗೆಲ್ಲ ಹೇಳಿದೆ. ನಾಕನೇ ಇಯತ್ತೆಗೆ ಸಾಲಿ ಬಿಟ್ಟವ ನಾನು. ಆದರೂ ಇದನ್ನ ಬರೆದಿಡದಿದ್ದರೆ ಎದಿ ತಡೆಯೋದಿಲ್ಲ.

ಶ್ರಾವಣಿ ನನ್ನ ಮಗನ ಮಗಳು. ಏಳು ವರ್ಷ. ನಲವತ್ತು ದಿನದ ಹಿಂದೆ, ಸಂಪಗಾಂವ ಹತ್ತಿರದ ನಮ್ಮ ಊರಾಗ, ಸಾಲಿ ಬಿಟ್ಟು ರಸ್ತೆ ದಾಟುವಾಗ ಜೋರಾಗಿ ಬಂದ ಸಾಮಾನಿನ ಗಾಡಿ ಬಡಿಯಿತು. ರಕ್ತ ಹೆಚ್ಚು ಇರಲಿಲ್ಲ. ಕಣ್ಣು ತೆರೆದೇ ಇತ್ತು. ಕರೆದರೆ ನೋಡಲಿಲ್ಲ.

ಬೆಳಗಾವಿಯ ಐಸಿಯು. ಸ್ಕ್ಯಾನ್ ನೋಡಿದ ಡಾಕ್ಟರು, “ಅಜ್ಜಾರ, ಮೆದುಳಿನಾಗ ರಕ್ತ ಹೆಪ್ಪುಗಟ್ಟೇತಿ. ಉಳದ್ರೂ ಮೊದಲಿನಂಗ ಆಗ್ತಾಳಂತ ಹೇಳಾಕ ಬರೂದಿಲ್ಲ,” ಅಂದರು.

ವೆಂಟಿಲೇಟರ್ ಹನ್ನೊಂದು ದಿನ. ಸೊಸೆ ರತ್ನಾ ಬಾಗಿಲ ಮುಂದ ಕುಂತವಳು ಏಳಲಿಲ್ಲ. ನನ್ನ ಜೋಡಿ ಮಾತು ಬಿಟ್ಟಳು. ಬಿಡಬೇಕಾದದ್ದೇ.

ಸಾಲಿ ಮುಂದಿನ ರಸ್ತೆಯ ಹಂಪ್ ಕಿತ್ತವ ನಾನು.

ಸಾಲಿ ಮುಂದ ಹಂಪ್ ಬೇಕಂತ ಹೆಂಗಸರನ್ನ ಕೂಡಿಸಿ, ಅರ್ಜಿ ಕೊಟ್ಟು ಹಾಕಿಸಿದವಳೇ ರತ್ನಾ. ಕಬ್ಬಿನ ಹಂಗಾಮು ಬಂತು. ಎರಡು ಟ್ರೇಲರ್ ಹೇರಿದ ನಮ್ಮ ಟ್ರ್ಯಾಕ್ಟರ್ ಅದನ್ನ ಹತ್ತುವಾಗ ಮುಂದಿನ ಗಾಲಿ ಏಳತಿತ್ತು, ಕಬ್ಬು ಉದುರತಿತ್ತು. ಕೂಸಿಗೆ ಗಾಡಿ ಬಡಿಯುವ ಹಿಂದಿನ ದಿನ ನಾನೇ ನಾಕು ಮಂದಿ ಕೂಡಿಸಿ, ಹಾರಿ, ಗುದ್ದಲಿ ಹಿಡಿದು ಸಪಾಟು ಮಾಡಿದೆ.

“ಕಾಕಾ, ರೋಡಿನ ಹೊಟ್ಟಿ ಇಳಿಸಿದ್ರಿ ನೋಡ್ರಿ!” ಅಂತ ಒಬ್ಬ ನಗಿಸಿದ. ನಾನೂ ನಕ್ಕೆ.

“ಹುಡುಗೂರು ದಾಟತಾವ್ರಿ, ಮಾವಾರ,” ಅಂದಳು ರತ್ನಾ.

“ಡ್ರೈವರಗೆ ಕಣ್ಣಿಲ್ಲೇನು?” ಅಂದೆ.

ಆ ಗಾಡಿಯವ ಓಡಿಹೋಗಲಿಲ್ಲ. ಅವನೇ ಕೂಸನ್ನ ಮೊದಲು ಬೈಲಹೊಂಗಲದ ದವಾಖಾನಿಗೆ ಒಯ್ದ. ವಾರದ ಮೇಲೆ ಐಸಿಯು ಬಾಗಿಲಿಗೆ ಬಂದು ನನ್ನ ಕಾಲು ಹಿಡಿದ. “ಫೋನಿನಾಗ ಮಾತಾಡಕೋತ ಹೊಂಟಿದ್ನಿರಿ, ಯಜ್ಜಾ. ದಿನಾ ಹಂಪ್ ಕುಲುಕಿದ ಕೂಡ್ಲೆ ಸಾಲಿ ಬಂತಂತ ಫೋನ್ ಇಟ್ಟು ಸಾವಕಾಶ ಮಾಡತಿದ್ನಿ. ಅವತ್ತ ಹಂಪ್ ಬರಲೇ ಇಲ್ರಿ.”

ಅವನ ತಪ್ಪು ಅವನದು, ಅದನ್ನ ಪೊಲೀಸರು ನೋಡತಾರೆ. ನನ್ನದನ್ನ ಯಾರು ನೋಡಬೇಕು? ನೆಟ್ಟಗೆ ಗಾಡಿ ಹೊಡೆಯುವವನಿಗೆ ಕಾಯ್ದೆ ಯಾಕೆ ಅಂತಿದ್ದೆ. ಮನುಷ್ಯನ ಲಕ್ಷ್ಯ ದಿನಾ ಒಂದೇ ನಮೂನಿ ಇರೋದಿಲ್ಲ. ಅದು ತಪ್ಪಿದ ಗಳಿಗೆಯಲ್ಲಿ, ಎತ್ತಿನ ಮೂಗುದಾರದಂಗ, ಜಗ್ಗಿ ನಿಲ್ಲಿಸುವಂಥದ್ದು ಒಂದು ಇರಬೇಕು. ಇಷ್ಟು ತಿಳಿಯಲಿಕ್ಕೆ ಏಳು ವರ್ಷದ ಕೂಸಿನ ತಲಿ ಒಡೀಬೇಕಾಯಿತು.

ಹೋದ ವಾರ ಊಟ ಇಳಿಸುವ ಮೂಗಿನ ನಳಿಗೆ ತೆಗೆದರು. ನಿನ್ನೆ ಮನಿಗೆ ತಂದೆವು. ಬಲಗೈ ಮುಷ್ಟಿ ಇನ್ನೂ ಮುಚ್ಚುವುದಿಲ್ಲ. ಮಾತು ಎರಡೇ: “ಅವ್ವಾ”, “ಬ್ಯಾಡ”. ಸಾಲಿಗೆ ಹೋದಾಳೋ ಇಲ್ಲೋ, ಡಾಕ್ಟರೂ ಹೇಳವಲ್ಲರು. “ಅಜ್ಜಾ” ಅಂದಾಳೋ ಇಲ್ಲೋ, ನಾ ಯಾರನ್ನೂ ಕೇಳಿಲ್ಲ.

ಇವತ್ತು ಸಂಜೆ ಎಲ್ಲರೂ ಊಟಕ್ಕೆ ಕುಂತರು. ಮಗ ಶ್ರಾವಣಿಯನ್ನ ಎದೆಗೆ ಒರಗಿಸಿಕೊಂಡಿದ್ದ. ನಾನು ಬಾಗಿಲಾಗ ನಿಂತಿದ್ದೆ; ನಲವತ್ತು ದಿನದಿಂದ ರತ್ನಾಳ ಎದುರು ಉಂಡಿರಲಿಲ್ಲ.

“ಹಂಪ್ ಹಾಕಸಾಕ ಅರ್ಜಿ ಬರದೇನಿ,” ಅಂದೆ. “ಮೊದಲ ಸಹಿ ನೀ ಮಾಡವಾ.”

ರತ್ನಾ ಕೂಸಿನ ಬಾಯಿ ಒರೆಸಿದಳು.

“ಕಿತ್ತವ್ರು ನೀವು. ಮೊದಲ ನಿಮ್ಮ ಸಹಿ ಇರಲಿ.”

ಆಮೇಲೆ ಒಂದು ತಾಟು ತನ್ನ ಪಕ್ಕಕ್ಕೆ ಸರಿಸಿದಳು.

“ರೊಟ್ಟಿ ಆರತಾವ. ಕುಂದರ್ರಿ, ಮಾವಾರ.”

ಕುಂತೆ. ಶ್ರಾವಣಿ ಇನ್ನೊಂದು ಚೂರು ನುಂಗುವ ತನಕ ಎಲ್ಲರೂ ಕೈ ತಡೆದು ನೋಡಿದೆವು. ನುಂಗಿದಳು. ಆಗ ಎಲ್ಲರೂ ಉಂಡೆವು.