ಧಾರವಾಡದ ಕಛೇರಿ, ದುರ್ಗದಬೈಲಿನ ಆಂಪ್ಲಿಫೈಯರ್

ಗೆಳೆಯರೇ, ಬೆರಳುದ್ದದ ಒಂದು ಹೆಡ್‌ಫೋನ್ ಆಂಪ್ಲಿಫೈಯರ್ ಇವತ್ತು ನಮ್ಮ ಕಾಕಾ ಅವರನ್ನು ಪೇಚಿಗೆ ಸಿಲುಕಿಸಿತು. ಬೆಳಿಗ್ಗೆ ದುರ್ಗದಬೈಲಿನ ಪೇಟೆಯಲ್ಲಿ ಕೊಂಡದ್ದು. ಫೋನಿನ ಚಾರ್ಜಿಂಗ್ ಕಿಂಡಿಗೆ ಇದನ್ನು ಸಿಕ್ಕಿಸಿ, ಇದಕ್ಕೆ ಹೆಡ್‌ಫೋನ್ ಹಾಕಿದರೆ ದನಿ ತಿಳಿಯಾಗುತ್ತದಂತೆ. ನೋಡೋಣ ಅಂತ ಕಾಕಾ ದಿನಾ ಫೋನಿನಲ್ಲಿ ಕೇಳುವ ಧಾರವಾಡದ ಸಂಗೀತ ಕಛೇರಿಯ ರೆಕಾರ್ಡಿಂಗನ್ನೇ ಹಾಕಿಕೊಟ್ಟೆ. ಆ ಕಛೇರಿಗೆ ಅವರೂ ಹೋಗಿದ್ದರು.

"ಅಬಬಾ, ತಂಬೂರಿ ತಂತಿ ಒಂದೊಂದೂ ಬ್ಯಾರೆ ಕೇಳಾಕತ್ತಾವಲೇ!" ಎಂದು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೇ ಹುಬ್ಬು ಗಂಟಿಕ್ಕಿತು. "ಯಾವಾಂವ ಇಂವಾ? ಆಲಾಪದ ನಡುವ ಒದರಾಕತ್ತಾನ! ಇಂಥವ್ರನ್ನ ಒಳಗ ಯಾಕ ಬಿಡ್ತಾರ?"

ಹೆಡ್‌ಫೋನ್ ಇಸಿದುಕೊಂಡು ನಾನೂ ಕೇಳಿದೆ. ರೆಕಾರ್ಡಿಂಗಿನಲ್ಲಿ ಯಾರೋ ಗದರುತ್ತಿದ್ದರು: "ಶ್! ಸುಮ್ನ ಕೂಡ್ರಿ, ಮಾತಾಡಬ್ಯಾಡ್ರಿ!"

"ಕಾಕಾ, ಇದು ನಿಮ್ಮ ದನಿ ಐತ್ರಿ."

ಅವರು ಮತ್ತೊಮ್ಮೆ ಕೇಳಿ ನೋಡಿದರು. "ಮತ್ತೇನ್ ಮಾಡ್ಲಿ? ಮಂದಿ ಮಾತಾಡಾಕತ್ತಿದ್ರು," ಎಂದು ಚಹಾದ ನೆಪದಲ್ಲಿ ಎದ್ದು ಒಳಗೆ ಹೋದರು.

ಕುತೂಹಲ ತಡೆಯಲಾರದೆ ಸಂಜೆಯಿಂದ ಅದನ್ನೇ ಕೇಳುತ್ತಿದ್ದೇನೆ. ಮುಂದಿನ ಸಾಲಿನಲ್ಲಿ ಯಾರದೋ ಬಳೆ ಸದ್ದು ಮಾಡಿದ್ದೂ ಕೇಳುತ್ತದೆ. ಮಾತಾಡಿದ ಆ ಮಂದಿ ಮಾತ್ರ ಇನ್ನೂ ಸಿಕ್ಕಿಲ್ಲ.