ಸನೋಬರಳ ನೀಲಿ

ಸನೋಬರಳಿಗೆ ಕಲ್ಲು ಸುಡುವುದನ್ನು ಕಲಿಸಿದವಳು ಅವಳ ಅತ್ತೆ. ಕೊಕ್ಚಾ ನದಿಯ ಮೇಲಿನ ಗಣಿಗಳಿಂದ ಗಂಡಸರು ನೀಲಿಕಲ್ಲು ಒಡೆದು ತರುತ್ತಾರೆ. ಅದರಲ್ಲಿ ಮಂಕಾದವು ಹೆಂಗಸರ ಒಲೆಗೆ ಬರುತ್ತವೆ. ಹದವಾದ ಕೆಂಡದಲ್ಲಿ ಹೂತಿಟ್ಟರೆ ಬಣ್ಣ ಗಾಢವಾಗುತ್ತದೆ, ಹದ ಮೀರಿದರೆ ಕಲ್ಲು ಸಿಡಿಯುತ್ತದೆ. ಆ ಹದ ಸನೋಬರಳಷ್ಟು ಚೆನ್ನಾಗಿ ಕಣಿವೆಯಲ್ಲಿ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಅದರಿಂದ ಅವಳು ಕಂಡ ಸುಖ ಮಾತ್ರ ಅಷ್ಟರಲ್ಲೇ ಇತ್ತು.

ಅವಳು ಹೊಸ ಸೊಸೆಯಾಗಿದ್ದಾಗ ಕಾಬೂಲಿನಿಂದ ಕಲ್ಲುಗಳ ಬಗ್ಗೆ ಓದಿದವನೊಬ್ಬ ಬಂದಿದ್ದ. ಚಹಾ ಕುಡಿಯುತ್ತ ಹೇಳಿದ್ದ: "ಈ ಕಲ್ಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಂಜರಗಳಿವೆ ಅಮ್ಮಾ. ಒಂದೊಂದರಲ್ಲೂ ಗಂಧಕದ ಮೂರು ಕಣ ಕೈಕೈ ಹಿಡ್ಕೊಂಡು ಕೂತಿವೆ. ಹೊರಗೆ ಬಿಟ್ರೆ ಹಾಗೆ ಗಳಿಗೆನೂ ಇರಲ್ಲ. ನೀವು ನೀಲಿ ಅನ್ನೋದು ಅವನ್ನೇ. ಬೆಂಕಿಗೆಲ್ಲ ಆ ಪಂಜರ ಜಗ್ಗಲ್ಲ, ಆದರೆ..."

"ಗಂಧಕವಂತೆ! ರೊಟ್ಟಿ ತಿನ್ನಪ್ಪ, ಆರೋಗ್ತದೆ," ಎಂದು ಅತ್ತೆ ನಕ್ಕು ಅವನ ಬಾಯಿ ಮುಚ್ಚಿಸಿದಳು. ಆ ಮಾತು ಅಲ್ಲಿಗೇ ನಿಂತಿತು.

ಅತ್ತೆ ಹೋದಳು. ಗಂಡ ಗಣಿಯಲ್ಲೇ ಮಣ್ಣಾದ. ಉಳಿದವನು ಮಗ ನಜರ್ ಒಬ್ಬನೇ. ಈಗ ಬಂದೂಕಿನವರು ಗಣಿಗಳನ್ನು ಹಿಡಿದಿದ್ದಾರೆ. ಒಳ್ಳೆಯ ಕಲ್ಲು ಬಚ್ಚಿಟ್ಟಿದ್ದಾನೆಂದು ನಜರ್‌ನನ್ನು ಹಳೆಯ ಸುರಂಗವೊಂದರಲ್ಲಿ ಕೂಡಿಹಾಕಿದ್ದರು. ಹಾಗೆ ಕೂಡಿಹಾಕಿದ್ದ ಇನ್ನೊಬ್ಬ ಚಳಿಗೆ ಸೆಟೆದು ಸತ್ತಿದ್ದ, ಅವನ ಹೆಣವನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದರು. "ನೀಲಿ ತಾ, ಮಗನನ್ನ ಕರ್ಕೊಂಡು ಹೋಗು," ಎಂದಿದ್ದ ಅವರ ಕಮಾಂಡರ್. ಬಚ್ಚಿಟ್ಟ ನೀಲಿ ಎಲ್ಲಿತ್ತು? ಇದ್ದದ್ದು ಗಂಡ ಬಾಗಿಲಿಗೆ ಒತ್ತಾಗಿ ಇಡುತ್ತಿದ್ದ, ತಲೆಗಾತ್ರದ ಮಂಕು ಕಲ್ಲು.

ಅದನ್ನೇ ಸುಟ್ಟಳು. ಜನ್ಮದಲ್ಲಿ ಅಷ್ಟು ಹದವಾಗಿ ಸುಟ್ಟಿರಲಿಲ್ಲ. ಬೂದಿ ಸರಿಸಿದಾಗ ಕಂಡ ನೀಲಿಗೆ ಅವಳ ಕಣ್ಣು ತುಂಬಿಬಂತು. ಮೈಮೇಲೆಲ್ಲ ಬಿಳಿ ಕಲ್ಲಿನ ಹೊಪ್ಪಳಿಕೆ ಮಾತ್ರ ಉಳಿದಿತ್ತು.

"ಇದನ್ನ ಹೀಗೇ ಒಯ್ದರೆ ಬಿಳೀನೇ ತೋರಿಸಿ ಆಡ್ಕೊಳ್ತಾನೆ ಆ ಪಾಪಿ," ಎಂದಳು ಪಕ್ಕದ ಮನೆಯ ತುರ್ಸೂನ್. "ತಾಮ್ರದ ಪಾತ್ರೆ ತೊಳೆಯೋ ಹಾಗೆ ಕುರುತ್ ನೀರಲ್ಲಿ ಹಾಕಕ್ಕಾ. ಹುಳಿ ಬಿಳೀನ ತಿಂದುಬಿಡ್ತದೆ."

ನಿಜವೇ. ಕುರುತ್ ಎಂಬ ಒಣಮೊಸರಿನ ಉಂಡೆಗಳನ್ನು ಕದಡಿ ಕಾಯಿಸಿದ ಹುಳಿನೀರಲ್ಲಿ ಮುಳುಗಿಸುತ್ತಲೇ ಬಿಳಿ ನೊರೆಯಾಗಿ ಏಳತೊಡಗಿತು. ನೋಡಿ ಖುಷಿಯಾಯಿತು. ಇನ್ನೂ ಸ್ವಲ್ಪ ಹೋಗಲಿ ಎಂದು ಹಾಗೇ ಬಿಟ್ಟು, ಮಗ ಬಂದರೆ ತಿನ್ನಲಿ ಎಂದು ರೊಟ್ಟಿಗೆ ಹಿಟ್ಟು ನಾದಲು ಕೂತಳು.

ಮೊದಲು ಬಂದದ್ದು ವಾಸನೆ. ಕೊಳೆತ ಮೊಟ್ಟೆಯ ನಾತ. ಓಡಿಹೋಗಿ ಎತ್ತಿದಳು. ಬಿಳಿಯ ಜೊತೆಗೆ ನೀಲಿಯೂ ಹೋಗಿ, ಕಲ್ಲು ಹೆಣದ ಮುಖದಂತಿತ್ತು. ಒಳಗಾದರೂ ಉಳಿದಿರಬಹುದೆಂದು ಸುತ್ತಿಗೆಯಿಂದ ಒಂದೇಟು ಕೊಟ್ಟಳು. ಬೆಂಕಿಗೆ ಬಿಟ್ಟ ಸಣ್ಣ ಬಿರುಕುಗಳಲ್ಲೆಲ್ಲ ಹುಳಿ ಇಳಿದಿತ್ತು. ಪುಡಿಪುಡಿಯಾಯಿತು, ಚೂರುಚೂರೂ ಬೂದಿಬಣ್ಣ. ಆ ಕಾಬೂಲಿನವನು ನುಂಗಿದ ಮಾತು ಯಾವುದೆಂದು ಅವಳಿಗೆ ಈಗ ತಿಳಿಯಿತು: ಬೆಂಕಿಗೆ ಜಗ್ಗದ ಪಂಜರವನ್ನು ಹುಳಿ ಮುರಿಯುತ್ತದೆ. ನೆಲಕ್ಕೆ ತಲೆ ಚಚ್ಚಿಕೊಂಡಳು. ಆಮೇಲೆ ಎದ್ದು, ನಾದಿಟ್ಟ ಹಿಟ್ಟನ್ನು ತಟ್ಟಿ ಬೇಯಿಸಿ, ಬಿಸಿ ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೆಟ್ಟ ಹತ್ತಿದಳು.

"ಬರಿಗೈಲಿ ಬಂದ್ಯಾ ಮುದುಕಿ?" ಎಂದ ಕಮಾಂಡರ್.

"ಕೈನೇ ತಂದಿದ್ದೀನಿ ಸಾಹೇಬ್ರೇ. ನಿಮ್ಮ ಗೋದಾಮಿನಲ್ಲಿ ಮಂಕು ಕಲ್ಲು ರಾಶಿ ಬಿದ್ದಿದೆಯಲ್ಲ, ಅಷ್ಟನ್ನೂ ನೀಲಿ ಮಾಡಿಕೊಡ್ತೀನಿ. ಇಲ್ಲೇ ಇರ್ತೀನಿ. ಅವನನ್ನ ಬಿಡಿ."

"ಎಲ್ಲಿವರೆಗೆ ಇರ್ತೀಯ?"

"ಉಸಿರಿರೋವರೆಗೆ."

ಅವನು ನಕ್ಕ. ಗೋದಾಮಿನ ಕಡೆ ಒಮ್ಮೆ ನೋಡಿದ. ಸುರಂಗದ ಬಾಗಿಲು ತೆಗೆಸಿದ.

ನಜರ್ ಗೋಡೆ ಹಿಡಿದುಕೊಂಡು ಹೊರಬಂದ. ಅವಳು ರೊಟ್ಟಿಯ ಗಂಟು ಅವನ ಕೈಗಿಟ್ಟು, ಎರಡೂ ಕೈಯಲ್ಲಿ ಅವನ ಮುಖ ಹಿಡಿದಳು.

"ಏನಮ್ಮಾ, ಕೈ ಹೀಗೆ ನಾರ್ತಿದೆ?"

"ಮೊಟ್ಟೆ ಬೇಯಿಸಿದ್ದೆ ಕಣೋ. ಮನೆಗೆ ನಡಿ, ನಾನು ಹಿಂದೇನೇ ಬರ್ತೀನಿ."

ಅರ್ಧ ಇಳಿಜಾರು ಇಳಿದ ಮೇಲೆ ನಜರ್‌ಗೆ ನೆನಪಾಯಿತು, ಮನೆಯಲ್ಲಿ ಕೋಳಿಯೇ ಇರಲಿಲ್ಲ. ತಿರುಗಿ ನೋಡಿದ. ಗೋದಾಮಿನ ಬಾಗಿಲು ಹಾಕಿತ್ತು, ಅದರ ಹಿಂದೆ ಒಲೆಯ ಹೊಗೆ ಏಳುತ್ತಿತ್ತು.